ಹೊಳೆ ದಾಟಿಸಿದ ನಾಯಿ

ಈ ಸಂಗತಿ ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಪೆನ್ನಿನ ನಿಬ್ಬು ಮುರಿದುಕೊಂಡಿದ್ದೇನೆ. ಆದ್ದರಿಂದ ಈ ಸಲ ಪೆನ್ಸಿಲ್ ಹಿಡಿದಿದ್ದೇನೆ. ಮುರಿದರೆ ಕೆತ್ತಿಕೊಳ್ಳಬಹುದು.

ಮ್ಯಾಟ್ರಿಕ್ಕಿನಲ್ಲಿ ಎರಡನೇ ಸಲ ಡುಮ್ಕಿ ಹೊಡೆದು ಮಂಕಿ ಎಂಬ ಊರಿನ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದ ಕಾಲ ಅದು. ಮುಂಬೈ ಸರ್ಕಾರದವರು ಕೈಬಿಟ್ಟು ಮೈಸೂರು ಸರ್ಕಾರದವರು ನಮ್ಮನ್ನು ಹಿಡಿದುಕೊಂಡು ಒಂದು ವರ್ಷ ಆಗಿತ್ತು. ಎರಡು ಸರ್ಕಾರಗಳೂ ನನ್ನನ್ನು ಪಾಸು ಮಾಡಲು ಒಪ್ಪಲಿಲ್ಲ. ಮನೆಯಲ್ಲಿ ನನ್ನಷ್ಟೇ ಕೆಲಸವಿಲ್ಲದ ಇನ್ನೊಂದು ಜೀವ ಇತ್ತು. ಕಂದುಬಣ್ಣದ ನಾಯಿ. ತಾನಾಗಿಯೇ ಎಲ್ಲಿಂದಲೋ ಬಂದು ಹಿತ್ತಿಲಿನ ಬೂದಿಗುಂಡಿಯಲ್ಲಿ ಮಲಗಿ, ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಜಗಲಿಯ ಕೆಳಗಿನ ಮೆಟ್ಟಿಲಿಗೆ ಬಡ್ತಿ ಪಡೆದದ್ದು. ಅದಕ್ಕೆ ನಾನು ಒಂದು ಇಂಗ್ಲಿಷ್ ಹೆಸರು ಇಟ್ಟಿದ್ದೆ. ಆ ಹೆಸರಿಗೆ ಅದು ಒಮ್ಮೆಯೂ ತಿರುಗಿ ನೋಡಲಿಲ್ಲ. ಇಂಗ್ಲಿಷಿನಲ್ಲಿ ನಾವಿಬ್ಬರೂ ಫೇಲು. ಕುರ್ ಕುರ್ ಕುರ್ ಎಂದರೆ ಮಾತ್ರ ಬರುತ್ತಿತ್ತು.

ಒಮ್ಮೆ ಹೊನ್ನಾವರಕ್ಕೆ ಹೋದಾಗ ಬಂಗಲೆಯಲ್ಲಿ ಇಳಿದುಕೊಂಡಿದ್ದ ಯಾರೋ ದೊಡ್ಡ ಸಾಹೇಬರು ನಾಯಿಯನ್ನು ತಿರುಗಾಡಿಸುವುದನ್ನು ಕಂಡೆ. ನಾಯಿಯ ಕೊರಳಿಗೆ ಚರ್ಮದ ಪಟ್ಟಿ, ಪಟ್ಟಿಗೆ ಹೊಳೆಯುವ ಸರಪಳಿ, ಸರಪಳಿಯ ತುದಿಗೆ ಸಾಹೇಬರು. ಎದುರಿಗೆ ಬಂದವರೆಲ್ಲ ದಾರಿ ಬಿಟ್ಟು ನಿಂತು ನಮಸ್ಕಾರ ಮಾಡುತ್ತಿದ್ದರು. ಆ ನಮಸ್ಕಾರ ಸಾಹೇಬರ ಹುದ್ದೆಗೆ ಸಲ್ಲುತ್ತಿದೆ ಎಂದು ಸಾಮಾನ್ಯ ಮೂರ್ಖನಿಗೂ ತಿಳಿಯುತ್ತಿತ್ತು. ನಾನು ಸಾಮಾನ್ಯ ಮೂರ್ಖನಲ್ಲವಲ್ಲ, ವಿಶೇಷ ಮೂರ್ಖ. ಎಲ್ಲ ಮರ್ಯಾದೆ ಸರಪಳಿಯಲ್ಲಿದೆ ಎಂದುಕೊಂಡು ಮನೆಗೆ ಬಂದೆ.

ಸರಪಳಿ ಎಲ್ಲಿಂದ ತರುವುದು? ಬಾವಿಯ ಹಳೇ ಹಗ್ಗ ಇತ್ತು. ಅದನ್ನೇ ನಾಯಿಯ ಕೊರಳಿಗೆ ಕುಣಿಕೆ ಹಾಕಿದೆ. ಹಗ್ಗ ಎಷ್ಟು ಉದ್ದವೆಂದರೆ, ನಾಯಿ ಭಟ್ಕಳದಲ್ಲಿ ಬಾಲ ಅಲ್ಲಾಡಿಸಿದರೆ ಮಂಕಿಯಲ್ಲಿದ್ದ ನನಗೆ ಸುದ್ದಿ ಮುಟ್ಟಲು ಸಂಜೆ ಆಗುತ್ತಿತ್ತು. ಮಿಕ್ಕ ಹಗ್ಗವನ್ನು ತೋಳಿಗೆ ಸುತ್ತಿಕೊಂಡು ಹೊರಟೆ.

ಊರಿನಿಂದ ಮೂಡಣಕ್ಕೆ ಏರಿದರೆ ಬೋಳುಗುಡ್ಡ. ತೂತುತೂತಾದ ಕೆಂಪು ಮುರಕಲ್ಲಿನ ದೊಡ್ಡ ಹಾಸು, ಮರವಿಲ್ಲ, ಮನೆಯಿಲ್ಲ. ಮಳೆಗಾಲದಲ್ಲಿ ಆ ಕಲ್ಲಿನ ಗುಳಿಗಳಲ್ಲೆಲ್ಲ ನೀರು ನಿಂತು, ಮಳೆ ಕಡಿಮೆಯಾದ ಮೇಲೆ ಉಗುರಿನಷ್ಟು ನೀಲಿ ಹೂ ಅರಳಿ ಗುಡ್ಡಕ್ಕೆ ಗುಡ್ಡವೇ ಬಣ್ಣ ತಿರುಗುತ್ತದೆ. ಆಮೇಲೆ ಹುಲ್ಲು ಹಳದಿಯಾಗಿ, ಗೇರುಮರ ಹೂ ಬಿಡುವ ಹೊತ್ತಿಗೆ ಕಲ್ಲು ಕಾದು ಕಪ್ಪಾಗಿ ಕೂತಿರುತ್ತದೆ. ಅಲ್ಲಿ ನಿಂತರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟದ ಕಾಡು. ನಡುವೆ ಗಾಳಿ, ಟಿಟ್ಟಿಭ ಹಕ್ಕಿ, ಕವಳೆ ಮುಳ್ಳಿನ ಪೊದೆ. ಗುಡ್ಡದ ಆ ಬದಿ ಇಳಿದರೆ ಮತ್ತಿ, ಹೊನ್ನೆ, ನಂದಿ ಮರಗಳ ಕಾಡು ಶುರು. ಗುಡ್ಡದ ಬಿಸಿಯಿಂದ ಕಾಡಿನ ನೆರಳಿಗೆ ಕಾಲಿಡುವಾಗ ಮೈಮೇಲೆ ಯಾರೋ ಒದ್ದೆ ಪಂಚೆ ಹೊದಿಸಿದ ಹಾಗೆ ಆಗುತ್ತದೆ. ಈ ಊರಿನಲ್ಲಿ ಹುಟ್ಟಿ ಬೆಳೆದರೂ ಅದು ನನಗೆ ಗೊತ್ತಾದದ್ದು ನಾಯಿಯ ಜೊತೆ ಹೋಗಲು ಶುರು ಮಾಡಿದ ಮೇಲೆ. ಅದಕ್ಕೂ ಮುಂಚೆ ಗುಡ್ಡಕ್ಕೆ ಹೋದರೆ ದರಕು, ಎಂದರೆ ಉದುರಿದ ಒಣ ಎಲೆ, ಗುಡಿಸಿ ತರಲು, ಇಲ್ಲವೇ ತಪ್ಪಿಸಿಕೊಂಡ ದನ ಹುಡುಕಲು. ಆಗ ಕಣ್ಣು ನೆಲದ ಮೇಲೋ ದನದ ಬೆನ್ನಿನ ಮೇಲೋ ಇರುತ್ತದೆ.

ಮೊದಲನೇ ದಿನದ ನನ್ನ ಸಾಹೇಬಗಿರಿ ಹೀಗೆ ನಡೆಯಿತು. ಹಗ್ಗವನ್ನು ಮಣಿಕಟ್ಟಿಗೆ ಗಂಟು ಹಾಕಿಕೊಂಡಿದ್ದೆ. ಹುಲ್ಲಿನೊಳಗಿಂದ ಮೊಲ ಎದ್ದಿತು. ನಾಯಿ ಅದರ ಹಿಂದೆ ಹೋಯಿತು. ನಾನು ನಾಯಿಯ ಹಿಂದೆ, ಹೊಟ್ಟೆಯ ಮೇಲೆ ಹೋದೆ. ಮುರಕಲ್ಲು ನನ್ನ ಮೊಣಕಾಲಿನ ಚರ್ಮವನ್ನು ಕೊಬ್ಬರಿ ಹೆರೆದ ಹಾಗೆ ಹೆರೆಯಿತು. ಕವಳೆ ಪೊದೆ ಅರ್ಧ ಪಂಚೆ ಇಟ್ಟುಕೊಂಡಿತು. ಮೊಲ ಒಮ್ಮೆ ನಿಂತು, ಇಷ್ಟು ದೊಡ್ಡ ಮೆರವಣಿಗೆ ತನಗಾಗಿಯೇ ಎಂದು ನೋಡಿಕೊಂಡು ಹೋಯಿತು. ಉಳಿದರ್ಧ ಪಂಚೆಯಲ್ಲಿ ಮಾನ ಮುಚ್ಚಿಕೊಂಡು, ಹಗ್ಗ ಹಿಡಿದು, ಎದೆ ಸೆಟೆಸಿ ಊರೊಳಗೆ ಬಂದೆ. ನಮಸ್ಕಾರ ಯಾರೂ ಮಾಡಲಿಲ್ಲ.

ಆದರೆ ಕೇಳುವವರು ಬೇಕಾದಷ್ಟು ಇದ್ದರು.

"ಎಲ್ಲಿಗೆ ಹೊಂಟಿದ್ದೆ ತಮಾ, ನಾಯಿ ಕಟ್ಕಂಡು?"

"ಎಲ್ಲಿಗೂ ಇಲ್ಲ. ಸುಮ್ನೆ ಗುಡ್ಡದ ಬದಿ ನಡೂಕೆ."

"ಸುಮ್ನೆ?"

"ಹೌದು, ಸುಮ್ನೆ."

"ಆತು ಆತು. ಹೋಗಿ ಬಾ. ಹೇಳೂದು ಬ್ಯಾಡದಿದ್ರೆ ಬ್ಯಾಡ."

ಹೀಗೆ ಹೇಳಿ ಕಣ್ಣು ಸಣ್ಣ ಮಾಡಿ ನಗುತ್ತಿದ್ದರು. ಆ ನಗು ಯಾಕೆಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಿತ್ತು. ನಮ್ಮ ಕಡೆ ನಾಯಿಗೆ ಯಾರೂ ಹಗ್ಗ ಹಾಕುವುದಿಲ್ಲ. ನಾಯಿ ತನ್ನ ಪಾಡಿಗೆ ಬರುತ್ತದೆ, ತನ್ನ ಪಾಡಿಗೆ ಹೋಗುತ್ತದೆ. ಅದರ ಕೊರಳಿಗೆ ಹಗ್ಗ ಬಿತ್ತೆಂದರೆ ಅರ್ಥ ಒಂದೇ: ಅದನ್ನು ಬಿಟ್ಟುಬರಲು ಒಯ್ಯುತ್ತಿದ್ದಾರೆ. ಕೋಳಿಮೊಟ್ಟೆ ಕದ್ದ ನಾಯಿ, ಮರಿ ಹಾಕಿ ಹಾಕಿ ಹಿತ್ತಿಲು ತುಂಬಿಸಿದ ನಾಯಿ, ಯಜಮಾನನಿಗೆ ಮುಖ ಸೇರದ ನಾಯಿ, ಎಲ್ಲಕ್ಕೂ ಅದೇ ಮದ್ದು. ಮೊದಲು ಗುಡ್ಡದಾಚೆ ಬಿಡುವುದು. ತಿರುಗಿ ಬಂದರೆ ಶರಾವತಿ ಹೊಳೆ ದಾಟಿಸಿ ಬಿಡುವುದು. ಹೊಳೆ ದಾಟಿಸಿದ ನಾಯಿ ವಾಪಾಸು ಬರುವುದಿಲ್ಲ. ಆಮೇಲೆ ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚುವುದು. ಕೊಂದಿದ್ದರೆ ತಾನೆ ಪಾಪ?

ಈ ಸಾಲು ಬರೆಯುವಾಗ ಪೆನ್ಸಿಲ್ ಮುರಿಯಿತು. ಕೆತ್ತಿಕೊಂಡೆ.

ನನಗೆ ಈ ರೂಢಿ ಗೊತ್ತಿರಲಿಲ್ಲವೆಂದಲ್ಲ. ಆದರೆ ತಲೆಯಲ್ಲಿ ಸಾಹೇಬರು ಕೂತುಬಿಟ್ಟಿದ್ದರು. ನಾನು ಹಗ್ಗ ಹಿಡಿದು ನಡೆದರೆ ನೋಡುವವರ ಕಣ್ಣಿಗೂ ಸಾಹೇಬರೇ ಕಾಣುತ್ತಾರೆ ಎಂದುಕೊಂಡಿದ್ದೆ. ದಿನಾ ಮಧ್ಯಾಹ್ನ ಬಿಸಿಲು ಇಳಿದ ಮೇಲೆ ನಾನು, ನಾಯಿ ಗುಡ್ಡ ಹತ್ತುತ್ತಿದ್ದೆವು. ಊರು ದಾಟಿದ ಮೇಲೆ ಹಗ್ಗ ಬಿಚ್ಚುತ್ತಿದ್ದೆ. ಅದು ಮುಂದೆ ಓಡಿ, ಬಂಡೆಯ ಮೇಲೆ ನಿಂತು, ನಾನು ಬರುವ ತನಕ ಕಾದು, ನಾನು ಹತ್ತಿರ ಬಂದೆನೆನ್ನುವಾಗ ಮತ್ತೆ ಓಡುತ್ತಿತ್ತು. ಕಾಡಿನಲ್ಲಿ ಮಾತ್ರ ನನ್ನ ಕಾಲಿಗೆ ತಾಗಿಕೊಂಡೇ ನಡೆಯುತ್ತಿತ್ತು. ನನ್ನನ್ನು ಕಾಯಲೋ ತನಗೆ ಹೆದರಿಕೆಯೋ, ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಸಂಜೆ ಊರ ಅಂಚಿನಲ್ಲಿ ಮತ್ತೆ ಹಗ್ಗ ಹಾಕಿ, ಸಾಹೇಬನಾಗಿ ಇಳಿಯುತ್ತಿದ್ದೆ.

"ಇವತ್ತೂ ವಾಪಾಸು ಬಂತಾ?" ಎಂದು ಕೇಳುತ್ತಿದ್ದರು.

"ಬಂತು, ಪಾಪ, ದಣಿದದೆ," ಎನ್ನುತ್ತಿದ್ದೆ.

"ದಣಿದದ್ದು ನೀನು ಮಾರಾಯಾ," ಎಂದು ಮರುಗುತ್ತಿದ್ದರು. ಎಷ್ಟು ಒಳ್ಳೆಯ ಜನ ಎಂದು ನಾನೂ ಮರುಗುತ್ತಿದ್ದೆ.

ಒಂದು ದಿನ ಗುಡ್ಡದ ದಾರಿಯ ಕೊನೇ ಮನೆಯ ಹೆಂಗಸು ಬುಟ್ಟಿ ಹಿಡಿದು ಓಡಿ ಬಂದಳು. ಬುಟ್ಟಿಯಲ್ಲಿ ಕಣ್ಣು ಬಿಟ್ಟು ಹೆಚ್ಚು ದಿನವಾಗದ ಬೆಕ್ಕಿನ ಮರಿಗಳು. "ತಮಾ, ಹೆಂಗೂ ಗುಡ್ಡಕ್ಕೆ ಹೊಂಟಿದ್ದೆ. ಇವನ್ನೂ ಒಟ್ಟಿಗೆ ತಕ್ಕಂಡು ಹೋಗು ಮಗಾ," ಎಂದಳು. ನಾನು ಏನೆಂದುಕೊಂಡೆ ಗೊತ್ತೇ? ನನ್ನ ನಾಯಿಯ ಆರೋಗ್ಯ ನೋಡಿ ಮೆಚ್ಚಿ, ಮರಿಗಳಿಗೂ ಗುಡ್ಡದ ಗಾಳಿ ಕುಡಿಸಿ ತರಲು ಕೊಟ್ಟಿದ್ದಾಳೆ ಎಂದುಕೊಂಡೆ. ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ಹಗ್ಗ. ಬುಟ್ಟಿಯೊಳಗಿಂದ ಮರಿಗಳು ಕೂಗುವುದು, ಹೊರಗಿಂದ ನಾಯಿ ಬುಟ್ಟಿಗೆ ಹಾರುವುದು. ಸಮುದ್ರ ತೋರಿಸಿದೆ, ಕಾಡು ತೋರಿಸಿದೆ, ಗುಡ್ಡದ ಅಂಚಿನ ಗೇರುಮರದ ನೆರಳಲ್ಲಿ ಕೂರಿಸಿದೆ. ಕೈಯೆಲ್ಲ ಪರಚಿಸಿಕೊಂಡು, ಸಂಜೆ ಅಷ್ಟೂ ಮರಿಗಳನ್ನು ಜೋಪಾನವಾಗಿ ತಂದು ಅವಳ ಕೈಗೆ ಕೊಟ್ಟೆ.

ಅವಳು ಬುಟ್ಟಿ ನೋಡಿದಳು. ನನ್ನನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಾರನೇ ದಿನದೊಳಗೆ ಊರಿಗೆಲ್ಲ ಗೊತ್ತಾಗಿತ್ತು: ಈ ಹುಡುಗನಿಗೆ ಮ್ಯಾಟ್ರಿಕ್ ಪಾಸು ಮಾಡಲು ಬರುವುದಿಲ್ಲ, ಒಂದು ಬೆಕ್ಕಿನ ಮರಿ ಬಿಟ್ಟುಬರಲೂ ಬರುವುದಿಲ್ಲ.

ಆ ಹೊತ್ತಿಗೆ ಭಟ್ಕಳದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಇದೆಯೆಂದು ನನ್ನನ್ನು ಅಟ್ಟಿದರು. ಮಾಲಕರು ಸೀರೆ ಮಡಿಸಲು ಹೇಳಿದರು. ನಾನು ಮಡಿಸಿದ್ದನ್ನು ನೋಡಿ, ಇದನ್ನು ಬಿಚ್ಚುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು. ನನಗೂ ತಿಳಿಯಲಿಲ್ಲ. ಎರಡನೇ ದಿನದ ಬಸ್ಸಿಗೆ ಮನೆಗೆ ಬಂದೆ.

ಮೆಟ್ಟಿಲಿನಲ್ಲಿ ನಾಯಿ ಇರಲಿಲ್ಲ. ಕುರ್ ಕುರ್ ಎಂದೆ. ಬರಲಿಲ್ಲ. ಅಕ್ಕಿ ಕೇರುತ್ತಿದ್ದ ಆಯಿ, ನನ್ನ ತಾಯಿ, ತಲೆ ಎತ್ತಿ ನಕ್ಕಳು. ಅಷ್ಟು ಸಂತೋಷದ ಮುಖ ನಾನು ಪರೀಕ್ಷೆ ಕಟ್ಟಿದಾಗಲೂ ನೋಡಿರಲಿಲ್ಲ.

"ಕರಿಬ್ಯಾಡ. ನಿನ್ನ ತಾಪತ್ರಯ ಮುಗೀತು ಮಗಾ."

"ಎಂತ ತಾಪತ್ರಯ?"

"ನಾಯಿದು. ಎಲೆಮಾವ ಹೊಳೆ ದಾಟ್ಸಿ ಬಂದ. ಪಾಪದವ, ನಾವು ಕೇಳೂದ್ರೊಳಗೇ ಮಾಡಿಕೊಟ್ಟ. ನಿಂಗೆ ದಿನಾ ಗುಡ್ಡ ಹತ್ತಿ ಹತ್ತಿ ಕಾಲು ಸವೀತಿತ್ತು."

"ಅದನ್ನ ಬಿಡೂಕೆ ನಾ ಯಾವಾಗ ಹೇಳಿದ್ದೆ?"

"ಹಂಗಾದ್ರೆ ಹಗ್ಗ ಎಂತಕೆ ಹಾಕಿದ್ದೆ?"

"ತಿರುಗಾಡ್ಸೂಕೆ!"

ಆಯಿ ಮೊರ ಕೆಳಗಿಟ್ಟಳು. "ನಾಯಿ ತಿರುಗಾಡೂಕೆ ನೀ ಎಂತಕೆ ಬೇಕು? ಅದ್ಕೆ ಕಾಲಿಲ್ವಾ?"

ನ್ಯಾಯವಾದ ಪ್ರಶ್ನೆಗೆ ಬರುವ ಸಿಟ್ಟು ಬೇರೆ ಜಾತಿಯದು. ಆ ಸಿಟ್ಟು ಹೊತ್ತುಕೊಂಡು ಎಲೆಮಾವನ ಮನೆಗೆ ಓಡಿದೆ.

ಎಲೆಮಾವ ನಮ್ಮ ಕೇರಿಯ ಆ ತುದಿಯವ. ವಾರಕ್ಕೊಮ್ಮೆ ಹೊಳೆ ದಾಟಿ ಕುಮಟೆಯಾಚೆಯ ಕತಗಾಲದ ಬದಿಗೆ ಹೋಗಿ ಗೋಣಿಚೀಲ ತುಂಬ ವೀಳ್ಯದೆಲೆ ತಂದು ಮಂಕಿಯಲ್ಲಿ ಮಾರುತ್ತಿದ್ದ. ಊರಿಗೆಲ್ಲ ಎಲೆಮಾವ. ಕರೆಯದಿದ್ದರೂ ಬಂದು ಉಪಕಾರ ಮಾಡುವುದು ಅವನ ಚಟ. ನಾನು ಹೋದಾಗ ಜಗಲಿಯಲ್ಲಿ ಎಲೆ ಜೋಡಿಸುತ್ತಿದ್ದ.

"ಬಾ ಬಾ. ಉಪಕಾರ ಗಿಪಕಾರ ಹೇಳೂದೆಲ್ಲ ಬ್ಯಾಡ," ಎಂದ.

"ನನ್ನ ನಾಯಿ ಎಲ್ಲಿ ಬಿಟ್ಟೆ?"

"ಹೆದರಬ್ಯಾಡ. ಕತಗಾಲದಿಂದ್ಲೂ ಮುಂದೆ. ಅಲ್ಲಿಂದ ಅದರ ಅಜ್ಜನೂ ಬರೂದಿಲ್ಲ." ಎಲೆಯನ್ನು ಪಕ್ಕಕ್ಕಿಟ್ಟು ಉತ್ಸಾಹದಿಂದ ಹೇಳತೊಡಗಿದ. "ಬಾಯಿಗೆ ಟುವಾಲು ಕಟ್ದೆ, ಚೀಲಕ್ಕೆ ಹಾಕ್ದೆ, ಲಾಂಚಲ್ಲಿ ಹೊಳೆ ದಾಟ್ಸಿ ಬಸ್ಸಿನ ಟಾಪಿಗೆ ಏರ್ಸ್ದೆ. ಕಂಡಕ್ಟರು ಕೇಳ್ದ, ಚೀಲದಲ್ಲಿ ಎಂತ? ಸೌತೆಕಾಯಿ ಅಂದೆ. ಸೌತೆಕಾಯಿ ಮಿಸುಕ್ತದ್ಯಾ ಅಂದ. ಮಂಕಿ ಸೌತೆಕಾಯಿ ಹಂಗೇ ಅಂದೆ!"

ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕ. ಬೇರೆ ನಾಯಿಯ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ. ಅದನ್ನು ನೆನೆಸಿಕೊಂಡರೆ ನನ್ನ ಮೇಲೂ ಸಿಟ್ಟು ಬರುತ್ತದೆ.

ಅವನಿಗೆ ಬೈಯಬೇಕೆಂದು ಬಾಯಿ ತೆರೆದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳಗಳೆಲ್ಲ ಒಟ್ಟಿಗೆ ಬಾಗಿಲಿಗೆ ಬಂದು ಸಿಕ್ಕಿಹಾಕಿಕೊಂಡು, ಕೊನೆಗೆ ಹೊರಟದ್ದು ಬೆಕ್ಕಿನ ಮರಿಯಂಥ ಒಂದು ಶಬ್ದ. ಎಲೆಯ ಬುಟ್ಟಿಯನ್ನಾದರೂ ಒದೆಯೋಣವೆಂದು ಕಾಲು ಬೀಸಿದೆ. ಬುಟ್ಟಿ ತಪ್ಪಿ ಜಗಲಿಯ ಕಲ್ಲು ಸಿಕ್ಕಿತು. ಹೆಬ್ಬೆರಳಿನ ಉಗುರು ಹೋಯಿತು. ಎಲೆಮಾವನೇ ಒಂದು ಎಲೆ ಜಗಿದು ಗಾಯಕ್ಕೆ ಹಚ್ಚಿದ. ಹೀಗೆ ಅವನಿಂದ ಎರಡನೇ ಉಪಕಾರವೂ ಆಯಿತು.

"ನಾಳೆ ಬೆಳಗ್ಗೆ ನೀ ನನ್ನ ಜೊತೆ ಬಂದು ಜಾಗ ತೋರ್ಸ್‌ಬೇಕು," ಎಂದೆ.

"ಮತ್ತೆ ತರೂಕಾ?" ಅವನ ಮುಖ ಬಾಡಿತು. "ನಿಂಗೆ ಬುದ್ಧಿ ಸಮ ಇದ್ಯಾ? ಬಿಟ್ಟ ನಾಯಿ ಯಾರಾದ್ರೂ ತರ್ತರ್‍ಯಾ?"

"ತೋರ್ಸ್‌ದಿದ್ರೆ ನಿನ್ನ ಎಲೆ ಯಾರೂ ಮುಟ್ಟದ ಹಂಗೆ ಮಾಡ್ತೆ. ನಾಯಿ ಕಟ್ಟಿದ ಚೀಲದಲ್ಲಿ ಎಲೆ ತಂದ ಅಂತ ಊರೆಲ್ಲ ಹೇಳ್ತೆ."

ಈ ಮಾತು ಮಾತ್ರ ಗುರಿ ತಪ್ಪಲಿಲ್ಲ.

ಮರುದಿನ ಇಬ್ಬರೂ ಹೊರಟೆವು. ಅವನು ಹೇಗೂ ಹೋಗುತ್ತೇನಲ್ಲ ಎಂದು ಗೋಣಿಚೀಲ ಹಿಡಿದುಕೊಂಡ. ನಾನು ನಾಯಿ ಸಿಕ್ಕರೆ ಬೇಕಲ್ಲ ಎಂದು ಹಗ್ಗ ಹಿಡಿದುಕೊಂಡೆ. ಕಳ್ಳನನ್ನೂ ಚೀಲವನ್ನೂ ಹಗ್ಗವನ್ನೂ ಒಟ್ಟಿಗೆ ಕರೆದುಕೊಂಡು ನಾಯಿಯನ್ನು ಸಮಾಧಾನ ಮಾಡಲು ಹೊರಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಆಗ ಅದು ಹೊಳೆಯಲಿಲ್ಲ. ಅವನನ್ನು ಎದುರಿಗೆ ನಿಲ್ಲಿಸಿ, ನೋಡು ನೀನು ಮಾಡಿದ್ದು ಎಂದು ತೋರಿಸಬೇಕೆಂಬ ಹಟ ಒಂದೇ ತಲೆಯಲ್ಲಿತ್ತು. ಹೊನ್ನಾವರದಲ್ಲಿ ಲಾಂಚ್ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ, ಕತಗಾಲ ದಾಟಿ ರಸ್ತೆಯ ಒಂದು ಮೋರಿಯ ಹತ್ತಿರ ಇಳಿದೆವು.

ಆ ಕಾಡು ನಮ್ಮ ಗುಡ್ಡದಾಚೆಯ ಕಾಡಿನಂತಲ್ಲ. ಮರಗಳು ಸೀದಾ ಮೇಲಕ್ಕೆ ಹೋಗಿ ಎಲ್ಲೋ ಎಲೆ ಬಿಟ್ಟಿದ್ದವು. ಕೆಳಗೆ ಒಣಗಿದ ದರಕು ಮೊಣಕಾಲಿನವರೆಗೆ. ಒಂದು ಓತಿ ಓಡಿದರೂ ಹುಲಿ ಬಂದ ಹಾಗೆ ಸದ್ದು.

"ಚೀಲ ಇಲ್ಲೇ ಬಿಚ್ಚಿದ್ದು," ಎಂದ ಎಲೆಮಾವ. "ಓಡ್ತದೆ ಅಂದ್ಕಂಡೆ. ಓಡ್ಲಿಲ್ಲ ಮಾರಾಯಾ, ನನ್ನ ಹಿಂದೇ ಬರೂಕೆ ಹತ್ತಿತು. ಹಚಾ ಅಂದ್ರೂ ಕೇಳ್ಲಿಲ್ಲ. ಮತ್ತೆಂತ ಮಾಡೂದು, ಕಲ್ಲು ಹೊಡೆದೆ. ಒಂದು ತಾಗ್ತು. ಆವಾಗ ನಿಂತಿತು."

ಇದನ್ನು ಹೇಳುವಾಗ ಅವನ ಮುಖದಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ. ಹೊಲಕ್ಕೆ ನೀರು ಕಟ್ಟಿದ್ದನ್ನು ಹೇಳಿದ ಹಾಗೆ ಹೇಳಿದ. ಗುರುತಿಲ್ಲದ ಊರಿನಲ್ಲಿ, ಚೀಲದಿಂದ ಹೊರಗೆ ಬಿದ್ದ ನಾಯಿಗೆ ಗೊತ್ತಿದ್ದ ಮುಖ ಅವನದೊಂದೇ. ಕಟ್ಟಿ ತಂದವನ ಹಿಂದೆಯೇ ಅದು ನಡೆದಿದೆ. ಅವನ ಕಡೆ ನೋಡದೆ ಮುಂದೆ ನಡೆದೆ.

ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮನೆ ಕಂಡಿತು. ಅಂಗಳದಲ್ಲಿ ವಯಸ್ಸಾದ ಅಮ್ಮ ಒಬ್ಬರು ಸಗಣಿ ಸಾರಿಸುತ್ತಿದ್ದರು. ಕಂದು ನಾಯಿ ಏನಾದರೂ ಈ ಕಡೆ ಬಂದಿತ್ತೇ ಎಂದು ಕೇಳಿದೆ. ಅವರು ಮೊದಲು ನನ್ನ ಕೈಯಲ್ಲಿದ್ದ ಹಗ್ಗ ನೋಡಿದರು, ಆಮೇಲೆ ಎಲೆಮಾವನ ಹೆಗಲ ಮೇಲಿದ್ದ ಚೀಲ ನೋಡಿದರು.

"ಬಂದಿದ್ದು. ಇಲ್ಲೇ ಇದ್ದು. ಆದ್ರೆ ಕೊಡ್ತ್ನಿಲ್ಲೆ," ಎಂದರು ತಮ್ಮ ಹವ್ಯಕ ಮಾತಿನಲ್ಲಿ.

"ಅಮ್ಮಾ, ಅದು ನನ್ನ ನಾಯಿ."

"ನಿಂದಾ? ನಿಂದಾಗಿದ್ರೆ ಅದರ ಬಾಯಿಗೆ ವಸ್ತ್ರ ಎಂತಕ್ಕೆ ಕಟ್ಟಿದ್ದೆ? ಬಿಚ್ಚಿದ್ದು ಆನು. ನಿನ್ನೆ ಬರೀ ನೀರು ಕುಡಿದ್ದು, ಅನ್ನ ಮುಟ್ಟಿದ್ದಿಲ್ಲೆ. ಹಿಂದಿನ ಕಾಲು ಊರ್ತಿಲ್ಲೆ. ಬೇಡದಿದ್ರೆ ಸಾಕದೇ ಇರಕ್ಕಾಗಿತ್ತು. ಸಾಕಿ ಮತ್ತೆ ಕಾಡಲ್ಲಿ ಎಸೀತ್ರಾ, ನಾಚಿಕೆ ಇಲ್ಯಾ ನಿಂಗಕ್ಕೆ?"

"ನಾನು ಎಸ್ದಿಲ್ಲ ಅಮ್ಮಾ! ಇವ ಎಸೆದದ್ದು!"

ಎಲೆಮಾವ ಮುಂದೆ ಬಂದು ವಿನಯದಿಂದ ಹೇಳಿದ: "ಹೌದ್ರಾ ಅಮ್ಮಾ, ಬಿಟ್ಟದ್ದು ನಾನೇ. ಈ ಹುಡ್ಗ ಎಷ್ಟೋ ತಿಂಗ್ಳಿಂದ ಬಿಡೂಕೆ ಪ್ರಯತ್ನ ಪಟ್ಟ, ಪಾಪ. ಅವನ ಕೈಲಿ ಆಗ್ಲಿಲ್ಲ."

ಅಮ್ಮ ಸಗಣಿಯ ಕೈಯನ್ನೇ ಎತ್ತಿದರು. ಆ ಕೈ ನನ್ನ ಕೆನ್ನೆಗೆ ಬೀಳದಿದ್ದುದಕ್ಕೆ ಕಾರಣ ಕೊಟ್ಟಿಗೆಯ ಮೂಲೆಯಿಂದ ಬಂದ ಒಂದು ಕುಂಯ್ ಶಬ್ದ. ನಾಯಿ ಹೊರಗೆ ಬಂದಿತ್ತು. ನನ್ನನ್ನು ನೋಡಿತು. ಬಾಲವಷ್ಟೇ ಅಲ್ಲ, ಹಿಂದಿನ ಅರ್ಧ ಮೈಯೇ ಅಲ್ಲಾಡಿತು. ಒಂದು ಕಾಲು ಎತ್ತಿಕೊಂಡು ಕುಂಟುತ್ತ ಅರ್ಧ ಅಂಗಳ ಬಂತು. ನಾನು ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದೆ.

ಆಗ ಅದು ನನ್ನ ಹಿಂದೆ ನಿಂತವನನ್ನು ನೋಡಿತು. ಚೀಲ ನೋಡಿತು. ನಿಂತಿತು. ಬಾಲ ಹೊಟ್ಟೆಯಡಿಗೆ ಹೋಯಿತು. ಇನ್ನೊಮ್ಮೆ ನನ್ನ ಮುಖ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಮೂರು ಕಾಲಿನಲ್ಲಿ ನಾಯಿ ಅಷ್ಟು ಜೋರಾಗಿ ಓಡಬಹುದೆಂದು ನನಗೆ ಗೊತ್ತಿರಲಿಲ್ಲ. ಬೇಲಿ ಹಾರಿ ಕಾಡಿಗೆ ಬಿತ್ತು.

"ನೋಡ್ದ್ಯಾ?" ಎಂದರು ಅಮ್ಮ. ಅವರ ಸಿಟ್ಟಿನ ಮುಂದೆ ನನ್ನದು ಬರೀ ಬೆಂಕಿಕಡ್ಡಿ. "ಅನ್ನ ತಿನ್ನಲೆ ಈಗಷ್ಟೇ ಶುರು ಮಾಡಿತ್ತು. ಅದನ್ನೂ ಓಡ್ಸ್ದೆ. ಹೋಗು, ಹುಡ್ಕು. ಅದು ತಾನಾಗಿ ಬಂದ್ರೆ ಕರ್ಕಂಡು ಹೋಗು. ಹಗ್ಗ ಹಾಕಿದ್ದು ಕಂಡ್ರೆ ಮಾತ್ರ ಆನು ಸುಮ್ಮನೆ ಬಿಡ್ತ್ನಿಲ್ಲೆ."

ಕಾಡೊಳಗೆ ನುಗ್ಗಿದೆ. ಕುರ್ ಕುರ್ ಕುರ್ ಎಂದು ಕೂಗುತ್ತ ಕೂಗುತ್ತ ತಿರುಗಿದೆ. ನನ್ನ ಹಿಂದೆ ಎಲೆಮಾವನೂ ಬಂದು, ತನ್ನ ದೊಡ್ಡ ದನಿಯಲ್ಲಿ ಕುರ್ ಕುರ್ ಎನ್ನತೊಡಗಿದ. ಅವನು ಕೂಗಿದಾಗಲೆಲ್ಲ ದೂರದಲ್ಲಿ ಚುರುಚುರು ಎನ್ನುತ್ತಿದ್ದ ದರಕಿನ ಸದ್ದು ಇನ್ನಷ್ಟು ದೂರ ಹೋಗುತ್ತಿತ್ತು. ಆಗ ನನ್ನ ಮಂದ ತಲೆಗೆ ಹೊಳೆಯಿತು.

"ಮಾವಾ, ನೀ ಹೋಗು."

"ಎಲ್ಲಿಗೆ?"

"ಎಲ್ಲಿಗಾದ್ರೂ. ಎಲೆ ತಕ್ಕಂಡು ಬಸ್ ಹತ್ತು. ನೀ ಇದ್ರೆ ಅದು ಬರೂದಿಲ್ಲ."

"ಅಲ್ದಾ, ನಿಂಗೆ ಸಹಾಯ ಮಾಡೂಕೆ ಬಂದ್ರೆ..."

"ನಿನ್ನ ಸಹಾಯಕ್ಕೆ ಬೆಂಕಿ ಬೀಳ್ಲಿ! ಯಾರು ಕೇಳಿದ್ರು ನಿನ್ನ ಸಹಾಯ? ನಾಯಿ ಕೇಳಿತ್ತಾ? ನಾ ಕೇಳಿದ್ನಾ? ಹೋಗು ಅಂದ್ರೆ ಹೋಗು! ಇಲ್ಲದಿದ್ರೆ ನಿನ್ನ ಬಾಯಿಗೆ ಟುವಾಲು ಕಟ್ಟಿ ಇದೇ ಚೀಲದಲ್ಲಿ ಹಾಕಿ ಹೊಳೆ ದಾಟ್ಸ್ತೆ!"

ಕೊನೆಗೂ ದನಿ ಹೊರಟಿತ್ತು. ಮರದ ಮೇಲಿನ ಮಂಗಗಳೆಲ್ಲ ಸುಮ್ಮನಾದವು. ಎಲೆಮಾವ ಚೀಲ ಕಂಕುಳಿಗೆ ಹಾಕಿಕೊಂಡು, "ಒಳ್ಳೇದಕ್ಕೆ ಕಾಲಿಲ್ಲ," ಎಂದು ಗೊಣಗುತ್ತ ರಸ್ತೆಗೆ ಇಳಿದ. ಅವನಿಗೆ ನಿಜವಾಗಿ ನೋವಾಗಿತ್ತು. ಆಗಲಿ.

ಅವನ ಬಸ್ಸು ಹೋದ ಸದ್ದು ಕೇಳಿದ ಮೇಲೆ ಒಂದು ಬಿದ್ದ ಮರದ ಮೇಲೆ ಕೂತೆ. ಕರೆಯಲಿಲ್ಲ. ಬಿಸಿಲು ಮರದ ಸಂದಿಯಿಂದ ನಾಣ್ಯದಷ್ಟೇ ಬಿದ್ದಿತ್ತು. ಎಷ್ಟೋ ಹೊತ್ತಿನ ಮೇಲೆ ದರಕು ಸದ್ದು ಮಾಡಿತು, ನಿಂತಿತು, ಮತ್ತೆ ಮಾಡಿತು. ಒಂದು ಮತ್ತಿಮರದ ಬುಡದಲ್ಲಿ ಅರ್ಧ ಮುಖ ಕಂಡಿತು. ನಾನು ಎದ್ದೆ. ಅದು ಹಿಂದೆ ಸರಿಯಿತು. ನಾನು ಕೂತೆ. ಅದೂ ಕೂತಿತು. ಈ ಕವಾಯತು ನಾಲ್ಕಾರು ಸಲ ನಡೆದ ಮೇಲೆ, ಬೆನ್ನು ತಿರುಗಿಸಿ ಕುಮಟೆಯ ದಿಕ್ಕಿಗೆ ನಡೆಯತೊಡಗಿದೆ. ಬೇಕಾದರೆ ಬರಲಿ. ಬೇಡವಾದರೆ ಆ ಅಮ್ಮನ ಅಂಗಳವೇ ಅದಕ್ಕೆ ಒಳ್ಳೆಯದು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಹೇಳಿಕೊಳ್ಳುವುದು ಸುಲಭವಾಗಿತ್ತು. ಕಿವಿ ಮಾತ್ರ ಹಿಂದೆಯೇ ಇತ್ತು.

ಎರಡು ಹೆಜ್ಜೆ ಜೋರು, ಒಂದು ಮೆತ್ತಗೆ, ಒಂದು ಇಲ್ಲವೇ ಇಲ್ಲ. ದರಕಿನ ಮೇಲೆ ಮೂರು ಕಾಲಿನ ಸದ್ದು ಬರುತ್ತಿತ್ತು. ತಿರುಗಿ ನೋಡಿದರೆ ನಿಂತುಬಿಡುತ್ತಿತ್ತು. ಆದ್ದರಿಂದ ತಿರುಗಲಿಲ್ಲ. ಮುಂದೆ ನೋಡದೆ ಹಿಂದೆ ಕೇಳುತ್ತ ನಡೆಯುವುದು ಎಷ್ಟು ಕಷ್ಟವೆಂದು ನನ್ನ ಹಣೆಗೆ ಗೊತ್ತು. ದಾರಿಯ ಪ್ರತಿಯೊಂದು ಬಾಗಿದ ಕೊಂಬೆಗೂ ನನ್ನ ಹಣೆಯ ಪರಿಚಯವಾಯಿತು. ಹಗ್ಗ ಹಿಡಿದು ಸಾಹೇಬನ ಹಾಗೆ ನಡೆದವನನ್ನು ಈಗ ನಾಯಿ ಹಗ್ಗವಿಲ್ಲದೆ ಮುಂದೆ ಬಿಟ್ಟುಕೊಂಡು ನಡೆಸುತ್ತಿತ್ತು. ಅದು ಕುಂಟಿ ನಿಂತಾಗ ನಾನೂ ಕಾಲು ಕೆರೆಯುವ ನೆಪದಲ್ಲಿ ನಿಲ್ಲುತ್ತಿದ್ದೆ. ಹಳ್ಳದಲ್ಲಿ ನಾನು ಮೇಲೆ ನೀರು ಕುಡಿದೆ, ಅದು ಕೆಳಗೆ ಕುಡಿಯಿತು. ಆ ರಾತ್ರಿ ದಾರಿಬದಿಯ ಒಂದು ಮುಚ್ಚಿದ ಅಂಗಡಿಯ ಕಟ್ಟೆಯಲ್ಲಿ ಮಲಗಿದೆ. ಆಯಿ ಕಟ್ಟಿಕೊಟ್ಟಿದ್ದ ಅವಲಕ್ಕಿ ಉಂಡೆ ಒಂದನ್ನು ಕಟ್ಟೆಯ ಆ ತುದಿಯಲ್ಲಿಟ್ಟೆ. ಬೆಳಿಗ್ಗೆ ಅದು ಇರಲಿಲ್ಲ. ತಿಂದದ್ದು ಇಲಿಯಾದರೂ ಆಗಿರಬಹುದು ಎಂಬ ಯೋಚನೆಯನ್ನು ಹತ್ತಿರ ಸೇರಿಸಲಿಲ್ಲ.

ಕುಮಟೆಯಿಂದ ಹೊನ್ನಾವರದ ತನಕ ರಸ್ತೆ ಬಿಟ್ಟು ಗುಡ್ಡಗುಡ್ಡದ ಮೇಲೇ ಬಂದೆವು. ಅಲ್ಲಿ ಮರವಿಲ್ಲ, ಅಡಗಲು ಜಾಗವಿಲ್ಲ. ಒಂದು ಕಲ್ಲೆಸೆತದ ದೂರದಲ್ಲಿ ಅದು ಬರುತ್ತಿರುವುದು ಓರೆಗಣ್ಣಿಗೆ ಕಾಣುತ್ತಿತ್ತು. ಬಿಸಿಲಿಗೆ ಹುಲ್ಲು ಕರಕಲಾಗಿ, ಪಾದ ಸುಡುತ್ತಿತ್ತು. ಅದರ ಪಾದವೂ ಸುಡುತ್ತಿದ್ದಿರಬೇಕು. ನಡೆದಷ್ಟೂ ಸಿಟ್ಟು ಹೆಚ್ಚಾಯಿತು. 'ಚೀಲದಲ್ಲಿ ಹಾಕಿದವನು ಬಸ್ಸಿನಲ್ಲಿ ಹೋಗಿ ಮನೆಯಲ್ಲಿ ಊಟ ಮಾಡಿ ಮಲಗಿದ್ದಾನೆ. ಹಾಕಿಸಿಕೊಂಡದ್ದು ಕುಂಟುತ್ತಿದೆ.'

ಹೊಳೆಯ ದಡಕ್ಕೆ ಬಂದಾಗ ಲಾಂಚ್ ಹೊರಡುವುದರಲ್ಲಿತ್ತು. ಮೀನು ಮಾರಿ ಬರಿಬುಟ್ಟಿ ಹೊತ್ತ ಹೆಂಗಸರು ಹತ್ತಿ ಕೂತಿದ್ದರು. ನಾನು ಹಲಗೆಯ ಮೇಲೆ ಕಾಲಿಟ್ಟೆ. ನಾಯಿ ಮರಳಿನ ಮೇಲೆ ದೂರದಲ್ಲಿ ನಿಂತಿತು.

"ಆ ನಾಯಿ ನಿಂದಾ?" ಎಂದ ಲಾಂಚಿನವನು.

"ಹೌದು. ಇಬ್ರೂ ಮಂಕಿಯವ್ರು."

"ಹಂಗೆ ಬಿಟ್ಕಂಡು ಹತ್ಸೂಕಿಲ್ಲ. ಕಟ್ಟು. ಹಗ್ಗ ಕೈಲೇ ಇದ್ಯಲ್ಲ."

"ಕಟ್ಟೂಕಾಗೂದಿಲ್ಲ."

"ಹಂಗಾದ್ರೆ ಚೀಲದಲ್ಲಿ ಹಾಕ್ಕಂಡು ಬಾ. ಚೀಲಕ್ಕೆ ತಕರಾರಿಲ್ಲ."

ನನ್ನ ತಲೆಯೊಳಗೆ ಏನೋ ಪಟ್ಟೆಂದಿತು. "ಚೀಲದಲ್ಲಿ ಉಸಿರು ಕಟ್ಕಂಡು ಬಂದ್ರೆ ಅಡ್ಡಿಲ್ಲ, ಕಾಲಲ್ಲಿ ನಡ್ಕಂಡು ಬಂದ್ರೆ ತಕರಾರಾ? ಯಾವ ಊರ ಕಾನೂನು ಇದು?" ಎಂದು ಕಿರುಚಿದೆ.

"ಕೂಗಬ್ಯಾಡ ತಮಾ. ಯಾರಿಗಾದ್ರೂ ಕಚ್ಚಿದ್ರೆ?"

"ಕಚ್ಚೂದು ಅದಲ್ಲ, ನಾನು! ಎರಡು ದಿನದಿಂದ ಯಾರನ್ನ ಕಚ್ಚಲಿ ಅಂತ ನೋಡ್ತಾ ಇದ್ದೆ! ಕಟ್ಲೇಬೇಕಂದ್ರೆ ನನ್ನ ಕಟ್ಟು!"

ಹೇಳಿದ್ದಷ್ಟೇ ಅಲ್ಲ, ಹಗ್ಗವನ್ನು ನನ್ನ ಸೊಂಟಕ್ಕೇ ಎರಡು ಸುತ್ತು ಬಿಗಿದು, ಗಂಟಿನ ಮೇಲೆ ಗಂಟು ಹಾಕಿ, ತುದಿಯನ್ನು ಅವನ ಕೈಗೆ ತುರುಕಿದೆ. ಹೆಂಗಸರು ಬುಟ್ಟಿ ಬಿಟ್ಟು ನಗತೊಡಗಿದರು. "ಬಿಗಿ ಹಿಡ್ಕಾ ಅಣ್ಣಾ, ಹರಕಂಡು ಬಂದ್ರೆ ನಮ್ಗೆ ಕಷ್ಟ," ಎಂದಳು ಒಬ್ಬಳು. "ಮೂತಿ ನೋಡು, ಕಚ್ಚೂ ಜಾತಿಯೇ," ಎಂದಳು ಇನ್ನೊಬ್ಬಳು. ಲಾಂಚಿನವನಿಗೂ ನಗು ತಡೆಯಲಾಗಲಿಲ್ಲ. ಹಗ್ಗದ ತುದಿ ಹಿಡಿದು ಪಕ್ಕಕ್ಕೆ ಸರಿದ.

ನಾನು ಒಳಗೆ ಹೋಗಿ, ಹೊಳೆಯ ಕಡೆ ಮುಖ ಮಾಡಿ, ಬೆನ್ನು ದಡಕ್ಕೆ ಹಾಕಿ ಕೂತೆ. ಯಾರೂ ಕುರ್ ಕುರ್ ಎನ್ನಲಿಲ್ಲ. ಹೆಂಗಸರ ನಗು ತಾನಾಗಿ ನಿಂತಿತು. ಅವರು ದಡದ ಕಡೆ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಆಮೇಲೆ ಹಲಗೆಯ ಮೇಲೆ ಉಗುರಿನ ಸದ್ದು ಕೇಳಿತು. ಟಕ್ ಟಕ್, ಟಕ್. ಅದು ನನ್ನ ಹತ್ತಿರ ಬರಲಿಲ್ಲ. ಮೀನಿನ ಬುಟ್ಟಿಗಳ ನಡುವೆ ಜಾಗ ಮಾಡಿಕೊಂಡು ಕೂತಿತು.

ನಡುಹೊಳೆಯಲ್ಲಿ ಯಾರೋ, "ಯಾರ ನಾಯಿ ಅದು?" ಎಂದು ಕೇಳಿದರು.

"ಅದು ಯಾರದ್ದೋ ಗೊತ್ತಿಲ್ಲ," ಎಂದ ಲಾಂಚಿನವನು, ಕೈಯಲ್ಲಿದ್ದ ಹಗ್ಗ ಎಳೆದು ತೋರಿಸಿ. "ಇದು ಮಂಕಿದು."

ಆಚೆ ದಡ ಮುಟ್ಟಿದಾಗ ಮೊದಲು ಇಳಿದದ್ದು ನಾಯಿ. ಮರಳಿನ ಮೇಲೆ ಮೂಸುತ್ತ ನಾಲ್ಕು ಮಾರು ಹೋಗಿ, ಮಂಕಿಯ ದಿಕ್ಕಿಗೆ ಮುಖ ಮಾಡಿ ನಿಂತು, ತಿರುಗಿ ನೋಡಿತು. ನಾನು ಸಿಟ್ಟಿನಲ್ಲಿ ಹಾಕಿಕೊಂಡ ಗಂಟನ್ನು ಬಿಚ್ಚಲು ನನಗಾಗಲಿಲ್ಲ, ಲಾಂಚಿನವನಿಗಾಗಲಿಲ್ಲ. ಬಟ್ಟೆ ಅಂಗಡಿಯ ಸೀರೆಯ ಹಾಗೆಯೇ ಆಗಿತ್ತು. "ಕೊಯ್ದು ಬಿಡೋ ಮಾರಾಯಾ, ಅದು ಹೊಂಟಿತು!" ಎಂದು ಕೂಗಿದೆ. ಹೆಂಗಸೊಬ್ಬಳು ಮೀನು ಕೊಯ್ಯುವ ಕತ್ತಿ ಹುಡುಕತೊಡಗಿದಳು. ನಾಯಿ ಮಾತ್ರ ಹೊರಡಲಿಲ್ಲ, ಹತ್ತಿರಕ್ಕೂ ಬರಲಿಲ್ಲ, ಅಲ್ಲೇ ಕೂತು ನನ್ನ ಗಂಟು ಬಿಚ್ಚುವುದನ್ನು ಕಾಯುತ್ತಿತ್ತು.